ಓದುಗರು ಕೇಳಿದ್ದು: ಹಾಲು ಕೊಡೋ ಹಸು ಮಾರುವ ಮುಂಚೆ

ಹೋದ ತಿಂಗಳು ಅಫ್ಘಾನಿಸ್ತಾನದ ಹಳ್ಳಿಮನೆಗಳು ಹೇಗೆ ದಿನ ದೂಡುತ್ತಿವೆ ಅಂತ ಚಿಕ್ಕದಾಗಿ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲದಕ್ಕೂ ಉತ್ತರಿಸಲು ಜಾಗ ಸಾಲದು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಎಂಟಕ್ಕೆ ಬರೆಯುತ್ತಿದ್ದೇನೆ.

ಇಂಗು ಅಫ್ಘಾನಿಸ್ತಾನದಿಂದ ಬರುತ್ತೆ ಅಂತ ಬರೆದಿದ್ದಿರಿ. ಈಗ ಸಾರಿಗೆ ಒಗ್ಗರಣೆ ಹಾಕುವಾಗೆಲ್ಲ ಅದೇ ನೆನಪು. ನಾವು ಕೊಡೋ ದುಡ್ಡಲ್ಲಿ ಅಲ್ಲಿಯವರಿಗೆ ಏನಾದರೂ ಸಿಗುತ್ತಾ?
— ಗೃಹಿಣಿ, ತಿಪಟೂರು

ಸಿಗುತ್ತೆ ಅಮ್ಮ, ಆದರೆ ಬೆವರಿಗೆ ತಕ್ಕಷ್ಟು ಅಲ್ಲ. ಇಂಗಿನ ಗಿಡ ಒಣ ಬೆಟ್ಟದ ಇಳಿಜಾರಿನಲ್ಲಿ ತಾನಾಗಿ ಬೆಳೆಯುತ್ತೆ. ಬೇರು ಬಲಿಯಲು ನಾಲ್ಕೈದು ವರ್ಷ ಬೇಕು. ಬಿಸಿಲುಗಾಲದಲ್ಲಿ ಜನ ಬೆಟ್ಟ ಹತ್ತಿ, ಬುಡದ ಮಣ್ಣು ಸರಿಸಿ, ಬೇರಿನ ತಲೆಯನ್ನು ತೆಳ್ಳಗೆ ಕೊಯ್ಯುತ್ತಾರೆ. ಅಲ್ಲಿಂದ ಹಾಲಿನಂಥ ಅಂಟು ಒಸರುತ್ತೆ. ಬಿಸಿಲು ಬೀಳದ ಹಾಗೆ ಮುಚ್ಚಿಟ್ಟು, ಕೆಲವು ದಿನ ಬಿಟ್ಟು ಬಂದು ಕೆರೆದುಕೊಂಡು, ಮತ್ತೆ ಕೊಯ್ಯುತ್ತಾರೆ. ಹೀಗೆ ವಾರಗಟ್ಟಲೆ ಅದೇ ಬೆಟ್ಟ, ಅದೇ ಬೇರು. ಒಂದು ಬೇರಿಗೆ ಸಿಗೋದು ಸ್ವಲ್ಪವೇ.

ಆ ಅಂಟು ಊರಿನ ವ್ಯಾಪಾರಿಯಿಂದ ಪೇಟೆಯ ದೊಡ್ಡ ವ್ಯಾಪಾರಿಗೆ, ಅಲ್ಲಿಂದ ಭಾರತಕ್ಕೆ ಬರುತ್ತೆ. ಇಲ್ಲಿ ಅದಕ್ಕೆ ಹಿಟ್ಟು, ಗೋಂದು ಬೆರೆಸಿ ನಮ್ಮ ಡಬ್ಬಿಯ ಇಂಗು ಮಾಡುತ್ತಾರೆ. ಡಬ್ಬಿಯ ಹಿಂದೆ ಓದಿ ನೋಡಿ, ಬರೆದಿರುತ್ತೆ. ಉತ್ತರ ಪ್ರದೇಶದ ಹಾಥರಸ್ ಈ ಕೆಲಸಕ್ಕೆ ಹೆಸರುವಾಸಿ. 2020ರಲ್ಲಿ ಕೇಂದ್ರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್ ಕೊಟ್ಟ ಲೆಕ್ಕದಲ್ಲಿ ಭಾರತ ವರ್ಷಕ್ಕೆ ಸುಮಾರು 1,200 ಟನ್ ಹಸಿ ಇಂಗನ್ನು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದಿಂದ ತರಿಸುತ್ತಿತ್ತು. ಅದರ ಬೆಲೆ ಸುಮಾರು 600 ಕೋಟಿ ರೂಪಾಯಿ.

ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಅಫ್ಘಾನ್ ಹುಡುಗ ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಒಗ್ಗರಣೆ ಸೌಟಿನ ಘಮ ಬಂದ ಕೂಡಲೇ ಎದ್ದು ಅಡುಗೆಮನೆ ಬಾಗಿಲಿಗೆ ಬಂದ. "ಇದು ನಮ್ಮ ಹಿಂಗ್" ಅಂದ. ಅವರ ಮನೆಯಲ್ಲಿ ಇದನ್ನು ದಿನದ ಅಡುಗೆಗೆ ಬಳಸುವುದೇ ಇಲ್ಲವಂತೆ. ಚಿಕ್ಕಪ್ಪ ಬೆಟ್ಟದಿಂದ ತಂದು ಮೂಟೆಯಲ್ಲಿ ಇಟ್ಟಾಗಿನ ವಾಸನೆ ಮಾತ್ರ ಅವನಿಗೆ ಗೊತ್ತಿತ್ತು. ಸಾರನ್ನು ಎರಡು ಸಲ ಹಾಕಿಸಿಕೊಂಡ.

ನನ್ನ ಅಭಿಪ್ರಾಯ ಇಷ್ಟು. ಬೇರು ಕೊಯ್ಯುವ ಮನೆಗೆ ಜಾಸ್ತಿ ಉಳಿಯಬೇಕು ಅಂದರೆ ಒಣಗಿಸೋದು, ಬೇರ್ಪಡಿಸೋದು, ಪ್ಯಾಕ್ ಮಾಡೋದು ಅವರ ಊರ ಹತ್ತಿರವೇ ಆಗಬೇಕು. ಮುಂಗಡ ಕೊಟ್ಟ ವ್ಯಾಪಾರಿಗೇ ಮಾರಬೇಕಾದ ಕಟ್ಟು ಸಡಿಲ ಆಗಬೇಕು. ಸಾಲಕ್ಕೆ ಸಿಕ್ಕಿಬಿದ್ದವರು ಎಳೇ ಬೇರನ್ನೂ ಕೊಯ್ದುಬಿಡುತ್ತಾರೆ, ಆಮೇಲೆ ಆ ಬೆಟ್ಟದಲ್ಲಿ ವರ್ಷಗಟ್ಟಲೆ ಏನೂ ಸಿಗುವುದಿಲ್ಲ. ಇನ್ನೊಂದು, ದಾರಿ ತೆರೆದಿರಬೇಕು. 2017ರ ಜೂನ್‌ನಲ್ಲಿ ಕಾಬೂಲ್‌ನಿಂದ ದೆಹಲಿಗೆ ಸರಕು ವಿಮಾನ ಶುರುವಾದಾಗ ಮೊದಲ ವಿಮಾನ 60 ಟನ್ ಹೊತ್ತು ಬಂತು. ಅದರಲ್ಲಿ ಇಂಗೂ ಇತ್ತು. ಅಂಥ ಒಂದು ದಾರಿ ಎಷ್ಟೋ ಮನೆಗಳ ಒಲೆ ಉರಿಸುತ್ತೆ.

ಹಸಿದವರಿಗೆ ಗೋಧಿ ಕಳಿಸಿದರೆ ಸಾಲದೇ? "ಜೀವನೋಪಾಯ"ದ ಯೋಜನೆ ಅಂತೆಲ್ಲ ಯಾಕೆ ಬೇಕು?
— ವಿದ್ಯಾರ್ಥಿ, ಧಾರವಾಡ

ಗೋಧಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಭಾರತವೇ 2021ರಲ್ಲಿ 50,000 ಟನ್ ಗೋಧಿ ಕೊಡುವುದಾಗಿ ಹೇಳಿ ಮುಂದಿನ ವರ್ಷದಿಂದ ಕಳಿಸಲು ಶುರು ಮಾಡಿತು. ಆದರೆ 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಹಿಡಿದ ಮೇಲೆ ಏನಾಯಿತು ನೋಡಿ. ಅಂಗಡಿಯಲ್ಲಿ ಹಿಟ್ಟು ಇತ್ತು, ಜನರ ಕೈಯಲ್ಲಿ ದುಡ್ಡು ಇರಲಿಲ್ಲ. ಅಲ್ಲಿಯವರೆಗೆ ಸರ್ಕಾರದ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ವಿದೇಶದ ನೆರವಿನಿಂದ ಬರುತ್ತಿತ್ತು, ಅದು ಒಮ್ಮೆಲೇ ನಿಂತಿತು. ಹೊರದೇಶದಲ್ಲಿದ್ದ ಸರ್ಕಾರಿ ಹಣಕ್ಕೆ ಬೀಗ ಬಿತ್ತು. ಬ್ಯಾಂಕಿನಿಂದ ವಾರಕ್ಕೆ 200 ಡಾಲರ್‌ಗಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಮೇಷ್ಟ್ರು, ನರ್ಸು, ಗುಮಾಸ್ತರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಕಾಬೂಲ್‌ನ ಬೀದಿಯಲ್ಲಿ ಮನೆಯ ಫ್ರಿಜ್ಜು, ರತ್ನಗಂಬಳಿ, ಪಾತ್ರೆ, ದಿಂಬು ಎಲ್ಲ ಮಾರಾಟಕ್ಕೆ ಬಂದವು. ಬಿಡಿಸಿ ಹರಡಿದ ಹಾಸಿಗೆಯ ಪಕ್ಕ ಅದರ ಯಜಮಾನನೇ ಗಿರಾಕಿಗೆ ಕಾಯುತ್ತಾ ಕೂತಿದ್ದ.

ಹಳ್ಳಿಯಲ್ಲಿ ಮಾರೋದು ಫ್ರಿಜ್ಜನ್ನಲ್ಲ, ಹಸುವನ್ನು. ಅಲ್ಲೇ ನಿಜವಾದ ಅಪಾಯ ಇರೋದು. ಒಂದು ಹಸು ಅಂದರೆ ಹಾಲು, ಮೊಸರು, ಉಳಿದ ಮೊಸರಿನ ನೀರು ಹಿಂಡಿ ಉಂಡೆ ಕಟ್ಟಿ ಒಣಗಿಸಿದ ಕುರುತ್. ಹಿಮ ಬಿದ್ದು ದಾರಿ ಮುಚ್ಚಿದ ತಿಂಗಳುಗಳಲ್ಲಿ ಮಕ್ಕಳ ಹೊಟ್ಟೆಗೆ ಅದೇ ಆಧಾರ. ಸಗಣಿ ತಟ್ಟಿದರೆ ಚಳಿಗಾಲಕ್ಕೆ ಉರುವಲು. ಬರ ಬಂದ ವರ್ಷ ಎಲ್ಲರೂ ಒಟ್ಟಿಗೆ ದನ ಕುರಿ ಮಾರಲು ಬರುತ್ತಾರೆ, ಬೆಲೆ ಬಿದ್ದುಹೋಗುತ್ತೆ. ಅದೇ ಹೊತ್ತಿಗೆ ಮೇವಿನ ಬೆಲೆ ಏರಿರುತ್ತೆ. ನಮ್ಮಲ್ಲಿ ಬರ ಬಂದಾಗ ಮೇವು ಬ್ಯಾಂಕ್, ಗೋಶಾಲೆ ತೆರೆಯಿರಿ ಅಂತ ರೈತರು ಕೇಳುವುದು ಇದಕ್ಕೇ ಅಲ್ವಾ? ಹಸು ಮಾರಿದ ಮೇಲೆ ಮೂಟೆ ಗೋಧಿ ಬಂದರೆ ಆ ಮನೆ ಎರಡು ತಿಂಗಳು ಉಣ್ಣುತ್ತೆ, ಮೂರನೇ ತಿಂಗಳು ಮತ್ತೆ ಕೈಚಾಚುತ್ತೆ. ಮಾರುವ ಮುಂಚೆ ಮೇವೋ ದುಡ್ಡೋ ಬಂದರೆ ಮನೆ ತನ್ನ ಕಾಲ ಮೇಲೆ ಉಳಿಯುತ್ತೆ. ನಾನು ಇಷ್ಟು ವರ್ಷ ಓದಿದ್ದು, ಕೇಳಿದ್ದು ಎಲ್ಲ ಸೇರಿಸಿ ಹೇಳೋದು ಇದನ್ನೇ: ಸಹಾಯ ಎಷ್ಟು ಬಂತು ಅನ್ನುವಷ್ಟೇ, ಯಾವಾಗ ಬಂತು ಅನ್ನೋದೂ ಮುಖ್ಯ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಿತ್ತನೆಗೆ ಮುಂಚೆ ಒಳ್ಳೇ ಗೋಧಿ ಬೀಜ ಮತ್ತು ಗೊಬ್ಬರ ಕೊಡುತ್ತೆ. ಕೊಟ್ಟ ಬೀಜ ಮುಂದಿನ ವರ್ಷದ ರೊಟ್ಟಿ ಆಗುತ್ತೆ, ಆದರೆ ಬಿತ್ತನೆ ದಿನ ದಾಟಿ ಬಂದರೆ ಅದನ್ನು ಬೀಸಿ ತಿನ್ನೋದೊಂದೇ ದಾರಿ.

ಅಫೀಮು ಬೆಳೆದು ಲೋಕ ಹಾಳು ಮಾಡಿದವರಿಗೆ ನಾವ್ಯಾಕೆ ಮರುಗಬೇಕು? ಈಗಂತೂ ಅದನ್ನು ನಿಲ್ಲಿಸಿದ್ದಾರಂತೆ, ಒಳ್ಳೇದೇ ಆಯ್ತಲ್ಲ.
— ರೈತರು, ಅರಸೀಕೆರೆ

ಅಫೀಮು ಕಡಿಮೆ ಆಗಿದ್ದು ಒಳ್ಳೇದೇ, ಒಪ್ಪುತ್ತೇನೆ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ನಿಷೇಧ ಹಾಕಿತು. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2,33,000 ಹೆಕ್ಟೇರ್ ಇದ್ದ, ಅಫೀಮಿನ ಅಂಟು ಕೊಡುವ ಗಸಗಸೆ ಬೆಳೆ ಒಂದೇ ವರ್ಷದಲ್ಲಿ 10,800 ಹೆಕ್ಟೇರ್‌ಗೆ ಇಳಿಯಿತು. ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ, ಅದನ್ನೂ ಓದಿ: ರೈತರಿಗೆ ಇದರಿಂದ ಬರುತ್ತಿದ್ದ ಆದಾಯ ಸುಮಾರು 136 ಕೋಟಿ ಡಾಲರ್‌ನಿಂದ 11 ಕೋಟಿ ಡಾಲರ್‌ಗೆ ಕುಸಿಯಿತು.

ನೀವು ರೈತರು, ನಿಮಗೆ ಬೇಗ ಅರ್ಥ ಆಗುತ್ತೆ. ಗಸಗಸೆಗೆ ನೀರು ಕಡಿಮೆ ಸಾಕು. ಕೊಳ್ಳುವವನು ಹೊಲಕ್ಕೇ ಬರುತ್ತಾನೆ, ಲಾರಿ ಬಾಡಿಗೆ ಇಲ್ಲ, ಮಂಡಿಯ ಕಾಟ ಇಲ್ಲ. ಒಣಗಿಸಿದ ಅಂಟು ವರ್ಷಗಟ್ಟಲೆ ಕೆಡುವುದಿಲ್ಲ, ಮನೆಯಲ್ಲಿ ಚಿನ್ನ ಇಟ್ಟ ಹಾಗೆ. ಬೆಳೆ ಬರೋ ಮುಂಚೆಯೇ ಅದರ ಮೇಲೆ ಸಾಲ ಸಿಗುತ್ತೆ, ಸಲಾಂ ಅಂತಾರೆ ಅದಕ್ಕೆ. ಯುದ್ಧ ನಡೆಯುವ ಊರಲ್ಲಿ ಇಷ್ಟೆಲ್ಲ ಅನುಕೂಲ ಬೇರೆ ಯಾವ ಬೆಳೆಗೂ ಇರಲಿಲ್ಲ. ನಿಷೇಧ ಬಂದಾಗ ದಾಸ್ತಾನು ಇಟ್ಟಿದ್ದ ದೊಡ್ಡ ರೈತರಿಗೆ ಬೆಲೆ ಏರಿ ಲಾಭವೇ ಆಯಿತು. ನೆಲ ಇಲ್ಲದೆ ಕೋರಿಗೆ ಮಾಡುತ್ತಿದ್ದವರು, ಕಾಯಿ ಗೀರುವ ಕೂಲಿಗೆ ಊರೂರು ಹೋಗುತ್ತಿದ್ದವರು ಬೀದಿಗೆ ಬಿದ್ದರು. ಗೋಧಿಗೆ ಅಷ್ಟು ಕೈಗಳು ಬೇಕಿಲ್ಲ.

ದಾಳಿಂಬೆ ಬೆಳೆಯಲಿ ಅನ್ನಬಹುದು. ಕಂದಹಾರದ ದಾಳಿಂಬೆ ತಿಂದವರಿಗೇ ಗೊತ್ತು ಅದರ ರುಚಿ. ಆದರೆ ಗಿಡ ಫಲಕ್ಕೆ ಬರೋ ತನಕ ಮನೆ ಏನು ಉಣ್ಣಬೇಕು? ಬಂದ ಮೇಲೂ, 2025ರ ಅಕ್ಟೋಬರ್‌ನಲ್ಲಿ ಆದ ಹಾಗೆ ಗಡಿಯಲ್ಲಿ ಗುಂಡು ಹಾರಿ ಪಾಕಿಸ್ತಾನದ ಕಡೆಯ ಗೇಟು ಮುಚ್ಚಿದರೆ ಹಣ್ಣು ಲಾರಿಯಲ್ಲೇ ಕೊಳೆಯುತ್ತೆ. ಹೆರಾತ್ ಕಡೆ ಕೇಸರಿ ಸ್ವಲ್ಪ ಕೈ ಹಿಡಿದಿದೆ, ಯಾಕಂದರೆ ಅದು ಹಗುರ, ಬೇಗ ಕೆಡುವುದಿಲ್ಲ, ಜೊತೆಗೆ ಹೆಂಗಸರ ಕೈಗೆ ಕೂಲಿ ಕೊಡುತ್ತೆ. ಸೂರ್ಯ ಹುಟ್ಟೋ ಮುಂಚೆ ಹೂ ಕಿತ್ತು ತರುತ್ತಾರೆ. ನೆಲದ ಮೇಲೆ ನೇರಳೆ ಹೂವಿನ ರಾಶಿ, ಸುತ್ತ ಹೆಂಗಸರು, ಒಂದೊಂದು ಹೂವಿನಿಂದ ಮೂರೇ ಮೂರು ಕೆಂಪು ಎಳೆ. ಒಂದು ಕಿಲೋ ಕೇಸರಿಗೆ ಒಂದೂವರೆ ಲಕ್ಷದಷ್ಟು ಹೂ ಬೇಕು. ಅದೂ ಆಯಾ ದಿನದ ಹೂ ಆಯಾ ದಿನವೇ ಮುಗಿಯಬೇಕು.

ನಮ್ಮೂರಿನ ನೌಬಾದ್ ಕರೇಜ್ ಥರದ್ದು ಅಲ್ಲಿ ಇನ್ನೂ ಬಳಕೆಯಲ್ಲಿ ಇದೆಯಾ?
— ಶಿಕ್ಷಕರು, ಬೀದರ್

ಇದೆ ಮೇಷ್ಟ್ರೇ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿ ಆಯಿತು. ಬಹಮನಿ ಕಾಲದಲ್ಲಿ ಪರ್ಷಿಯಾ ಕಡೆಯಿಂದ ಬೀದರ್‌ಗೆ ಬಂದ ಅದೇ ವಿದ್ಯೆ ಅಫ್ಘಾನಿಸ್ತಾನದ ದಕ್ಷಿಣದ ಹಳ್ಳಿಗಳನ್ನು ಇವತ್ತಿಗೂ ಸಾಕುತ್ತಿದೆ. ಬೆಟ್ಟದ ಬುಡದ ನೀರನ್ನು ನೆಲದೊಳಗಿನ ಸುರಂಗದಲ್ಲಿ ಇಳಿಜಾರು ಹಿಡಿದು ಊರಿಗೆ ತರೋದು. ಕರೆಂಟು ಬೇಡ, ಡೀಸೆಲ್ ಬೇಡ. ವರ್ಷ ವರ್ಷ ಹೂಳು ತೆಗೆಯಬೇಕು, ಅದಕ್ಕೆ ಊರಿನವರೆಲ್ಲ ಆಳು ಕೊಟ್ಟು ದುಡಿಯುತ್ತಾರೆ, ಹಶರ್ ಅಂತ ಅದರ ಹೆಸರು. ಕಾಲುವೆಗಳಲ್ಲಿ ನೀರು ಹಂಚೋಕೆ ಮಿರಾಬ್ ಅಂತ ಒಬ್ಬ ಇರುತ್ತಾನೆ, ನಮ್ಮ ಕೆರೆಗಳ ನೀರುಗಂಟಿ ಇದ್ದ ಹಾಗೇ.

ಇಂಥ ಕಡೆ ಒಂದು ಒಳ್ಳೇ ಕೆಲಸ ಆಗುತ್ತೆ. ಚಳಿಗಾಲದಲ್ಲಿ ಕೂಲಿ ಇಲ್ಲದಾಗ ದುಡ್ಡು ಕೊಟ್ಟು ಕರೇಜ್, ಕಾಲುವೆ ರಿಪೇರಿ ಮಾಡಿಸೋದು. ನಮ್ಮ ಉದ್ಯೋಗ ಖಾತ್ರಿ ಕೆಲಸದಂತೆ ಅಂದುಕೊಳ್ಳಿ. ಕೂಲಿ ಮನೆಗೆ, ನೀರು ಹೊಲಕ್ಕೆ. ನನಗೆ ಆತಂಕ ಇರೋದು ಸೋಲಾರ್ ಪಂಪಿನ ಬಗ್ಗೆ. ಕಂದಹಾರ, ಹೆಲ್ಮಂಡ್ ಕಡೆ ಸೋಲಾರ್ ಬೋರ್‌ವೆಲ್ ಲೆಕ್ಕವಿಲ್ಲದಷ್ಟು ಬಂದಿವೆ. ಬಿಸಿಲು ಇದ್ದಷ್ಟು ಹೊತ್ತೂ ನೀರು ಪುಕ್ಕಟೆ, ಯಾರೂ ಪಂಪ್ ನಿಲ್ಲಿಸುವುದಿಲ್ಲ, ಅಂತರ್ಜಲ ಇಳಿಯುತ್ತಾ ಹೋಗುತ್ತೆ, ಪಕ್ಕದ ಕರೇಜ್ ಒಣಗುತ್ತೆ. ಬೋರ್ ಕೊರೆಸಲಾಗದ ಮನೆಯೇ ಮೊದಲು ನೀರು ಕಳೆದುಕೊಳ್ಳೋದು. ಕೋಲಾರದವರನ್ನು ಕೇಳಿ, ಮುಂದಿನದು ಅವರೇ ಹೇಳುತ್ತಾರೆ. ಸಹಾಯ ಮಾಡುವ ಸಂಸ್ಥೆಗಳೂ ಸುಮ್ನೆ ಪಂಪ್ ಹಂಚಬಾರದು.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 18 ಜನ ಇದ್ದೇವೆ. ವಾರಕ್ಕೊಮ್ಮೆ ಉಳಿತಾಯ ಕಟ್ಟುತ್ತೇವೆ. ಅಲ್ಲಿನ ಅಕ್ಕತಂಗಿಯರೂ ಹೀಗೆ ಸಂಘ ಮಾಡಿಕೊಂಡರೆ ಆಗಲ್ವಾ?
— ಸಂಘದ ಪ್ರತಿನಿಧಿ, ಗಂಗಾವತಿ

ಮಾಡಿಕೊಂಡಿದ್ದರು ಅಕ್ಕ. 2010ರಿಂದ ಆಗಿನ ಸರ್ಕಾರದ ಗ್ರಾಮೀಣ ಉದ್ಯಮ ಯೋಜನೆಯಲ್ಲಿ ಹಳ್ಳಿಗಳಲ್ಲಿ ಉಳಿತಾಯದ ಗುಂಪು ಕಟ್ಟಿದ್ದರು, ಹೆಂಗಸರದ್ದೇ ಬೇರೆ ಗುಂಪುಗಳೂ ಇದ್ದವು. ಇಸ್ಲಾಂನಲ್ಲಿ ಬಡ್ಡಿ ನಿಷಿದ್ಧ, ಹಾಗಾಗಿ ಸಾಲದ ಲೆಕ್ಕ ನಿಮ್ಮ ಪುಸ್ತಕದ ಹಾಗೆ ಇಡಲು ಆಗುವುದಿಲ್ಲ. ಅಹಮದಾಬಾದಿನ "ಸೇವಾ" (SEWA) ಅನ್ನೋ ದುಡಿಯುವ ಹೆಂಗಸರ ಸಂಘಟನೆಯವರೂ 2008ರಿಂದ ಕಾಬೂಲ್‌ನಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಹೊಲಿಗೆ, ಸಸಿ ಬೆಳೆಸೋದು, ತಿಂಡಿ ಪದಾರ್ಥ ಮಾಡೋದು ಕಲಿಸಿದ್ದರು.

ಆದರೆ ವಾರಕ್ಕೆ ಹತ್ತು ರೂಪಾಯಿ ಉಳಿಸಲೂ ಮೊದಲು ಕೈಯಲ್ಲಿ ಹತ್ತು ರೂಪಾಯಿ ಇರಬೇಕಲ್ಲ. ತೀರಾ ಕೆಳಗಿರುವ ಮನೆಗೆ ಸಂಘ ಎಟುಕುವುದಿಲ್ಲ. ಅಂಥವರಿಗೆ ಅಂತಲೇ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಒಂದು ದಾರಿ ಹುಡುಕಿತು. ಸಾಲ ಅಲ್ಲ, ನೇರವಾಗಿ ಹಸುವನ್ನೋ ಕುರಿಯನ್ನೋ ಕೊಡೋದು. ಅದು ಹಾಲಿಗೆ ಬರೋ ತನಕ ಹಸಿವಿಗೆ ಮಾರಿಬಿಡಬಾರದು ಅಂತ ತಿಂಗಳು ತಿಂಗಳು ಸ್ವಲ್ಪ ದುಡ್ಡು ಕೊಡೋದು. ಸಾಕೋದು ಕಲಿಸಿ, ಆಗಾಗ ಮನೆಗೇ ಬಂದು ನೋಡಿ ಹೋಗೋದು. ಇದನ್ನೇ ಅಫ್ಘಾನಿಸ್ತಾನದ ಬಲ್ಖ್ ಪ್ರಾಂತ್ಯದಲ್ಲಿ ಮಾಡಿದರು, ಹೆಂಗಸರ ಹೆಸರಿನಲ್ಲಿ. 80 ಹಳ್ಳಿಗಳ 1,219 ಮನೆಗಳನ್ನು ಇಟ್ಟುಕೊಂಡು ಸಂಶೋಧಕರು ಲೆಕ್ಕ ಹಾಕಿದರು, ಸಹಾಯ ಸಿಕ್ಕ ಮನೆ ಮತ್ತು ಸಿಗದ ಮನೆ ಎರಡನ್ನೂ ಹೋಲಿಸಿ. ಸಿಕ್ಕ ಮನೆಗಳ ಊಟ ಬಟ್ಟೆಯ ಖರ್ಚು ಶೇ. 30ರಷ್ಟು ಮೇಲಿತ್ತು. ಸಿಗದ ಮನೆಗಳಲ್ಲಿ 100ಕ್ಕೆ 82 ಬಡತನದ ಗೆರೆಯ ಕೆಳಗಿದ್ದರೆ, ಸಿಕ್ಕ ಕಡೆ 100ಕ್ಕೆ 62ರಷ್ಟು ಮಾತ್ರ. ಯುದ್ಧ ನಡೆಯುತ್ತಿರುವಾಗಲೇ ಬಂದ ಫಲ ಇದು, ಅದಕ್ಕೇ ನನಗೆ ಈ ಕೆಲಸದ ಮೇಲೆ ಅಷ್ಟು ನಂಬಿಕೆ.

ಈಗ ದೊಡ್ಡ ಅಡ್ಡಿ ಬೇರೆಯೇ ಇದೆ. 2022ರ ಡಿಸೆಂಬರ್ 24ರಂದು ಸ್ವಯಂಸೇವಾ ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡಬಾರದು ಅಂತ ಆಜ್ಞೆ ಬಂತು. ಮುಂದಿನ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಕಚೇರಿಗಳಿಗೂ ಅದೇ ಆಯಿತು. ಯೋಚನೆ ಮಾಡಿ. ಮನೆಯಲ್ಲಿ ಗಂಡಸು ಇಲ್ಲದ ಹೆಂಗಸು, ಹೊರಗಿನ ಗಂಡಸಿನ ಎದುರು ಬಂದು ಮಾತಾಡುವ ಹಾಗಿಲ್ಲ. ಅವಳಿಗೆ ಹಸು ಬೇಕಾ, ಮೇವು ಬೇಕಾ ಅಂತ ಕೇಳೋರು ಯಾರು? ಕೆಲವು ಕಡೆ ಸ್ಥಳೀಯ ಅಧಿಕಾರಿಗಳ ಜೊತೆ ಮಾತಾಡಿ ಹೇಗೋ ಕೆಲಸ ನಡೆಸುತ್ತಿದ್ದಾರೆ, ಎಲ್ಲ ಕಡೆ ಆಗುತ್ತಿಲ್ಲ. ಮನೆಯೊಳಗೇ ಕೂತು ಮಾಡುವ ಕೆಲಸ ಮಾತ್ರ ಉಳಿದಿದೆ, ಅದರಲ್ಲಿ ರತ್ನಗಂಬಳಿ ನೇಯೋದು ದೊಡ್ಡದು. ಶಾಲೆ ಬಿಡಿಸಿಕೊಂಡ ಹುಡುಗಿಯರು ಮಗ್ಗದ ಮುಂದೆ ಕೂತು ಒಂದೊಂದೇ ಗಂಟು ಹಾಕುತ್ತಿದ್ದಾರೆ. ಉಣ್ಣೆ, ವಿನ್ಯಾಸ ಎಲ್ಲ ದಲ್ಲಾಳಿಯದ್ದು, ಇವರಿಗೆ ಕೂಲಿ ಮಾತ್ರ. ದುಡಿಮೆ ಸಿಕ್ಕಿದ್ದು ಒಳ್ಳೇದು ಅಂತ ನನ್ನಿಂದ ಹೇಳೋಕಾಗಲ್ಲ, ಆ ಹುಡುಗಿಯರು ಇರಬೇಕಾದ್ದು ಶಾಲೆಯಲ್ಲಿ.

ಬ್ಯಾಂಕುಗಳೇ ಸರಿಯಿಲ್ಲದ ದೇಶಕ್ಕೆ ದುಡ್ಡು ತಲುಪೋದು ಹೇಗೆ?
— ನಿವೃತ್ತ ಬ್ಯಾಂಕ್ ನೌಕರರು, ಉಡುಪಿ

ಎರಡು ದಾರಿ ಸರ್. ಒಂದು, ವಿಶ್ವಸಂಸ್ಥೆ ಡಾಲರ್ ನೋಟುಗಳನ್ನೇ ವಿಮಾನದಲ್ಲಿ ಕಾಬೂಲ್‌ಗೆ ತರುತ್ತಿತ್ತು, ಒಂದೊಂದು ಸಲಕ್ಕೆ ಸುಮಾರು 4 ಕೋಟಿ ಡಾಲರ್. ಇನ್ನೊಂದು ಹವಾಲ. ದುಬೈಯಲ್ಲಿರುವ ಮಗ ಅಲ್ಲಿನ ವ್ಯಾಪಾರಿಗೆ ದುಡ್ಡು ಕೊಡುತ್ತಾನೆ, ಅವನು ಕಾಬೂಲ್‌ನ ಸರಾಯ್ ಶಹಜಾದಾ ಮಾರುಕಟ್ಟೆಯ ಸಹವರ್ತಿಗೆ ಫೋನ್ ಮಾಡುತ್ತಾನೆ, ಅಪ್ಪ ಅಲ್ಲಿ ಹೋಗಿ ಗುರುತಿನ ಸಂಖ್ಯೆ ಹೇಳಿ ದುಡ್ಡು ಎಣಿಸಿಕೊಳ್ಳುತ್ತಾನೆ. ನೋಟು ಗಡಿ ದಾಟುವುದೇ ಇಲ್ಲ, ವ್ಯಾಪಾರಿಗಳು ಆಮೇಲೆ ಸರಕಿನಲ್ಲಿ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಅಲ್ಲಿ ಅದು ಬಜಾರಿನಲ್ಲಿ ಎಲ್ಲರ ಕಣ್ಣೆದುರೇ ನಡೆಯೋ ವ್ಯವಹಾರ. ಭಾರತದಲ್ಲಿ ಕಾನೂನುಬಾಹಿರ, ಆ ದಾರಿ ನಾವ್ಯಾರೂ ತುಳಿಯಬಾರದು.

ನಮ್ಮ ಜಿಲ್ಲೆಯಲ್ಲೇ ಜನ ಗುಳೆ ಹೋಗುತ್ತಿದ್ದಾರೆ. ಮೊದಲು ಇಲ್ಲಿನದು ಬರೆಯಿರಿ.
— ಯುವಕ, ಕಲಬುರಗಿ

ಬರೆಯುತ್ತೇನೆ ತಮ್ಮ, ಬರೆಯಲೇಬೇಕು. ಮನೆಗೆ ಬೀಗ ಹಾಕಿ, ಅಜ್ಜಿಯನ್ನೂ ಶಾಲೆಗೆ ಹೋಗುವ ಮಗುವನ್ನೂ ಊರಲ್ಲಿ ಬಿಟ್ಟು ಪುಣೆ, ಮುಂಬೈ, ಬೆಂಗಳೂರಿಗೆ ಹೋಗುವವರ ಸಂಕಟ ನಿನ್ನ ಕಣ್ಣೆದುರೇ ಇದೆ. ನಿನ್ನ ಸಿಟ್ಟು ನ್ಯಾಯವಾದದ್ದು. ಆದರೆ ಅಫ್ಘಾನಿಸ್ತಾನದ ಮನೆಗಳದ್ದೂ ಗುಳೆಯ ಕಥೆಯೇ. ಹದಿನೇಳು ಹದಿನೆಂಟು ವರ್ಷದ ಹುಡುಗ ಇರಾನಿಗೆ ಹೋಗಿ ಕಟ್ಟಡದ ಕೆಲಸ ಮಾಡಿ ಮನೆಗೆ ದುಡ್ಡು ಕಳಿಸುತ್ತಾನೆ, ಅದರಲ್ಲೇ ಸಾಲ ತೀರುತ್ತೆ, ಚಳಿಗಾಲದ ಹಿಟ್ಟು ಬರುತ್ತೆ. 2025ರಲ್ಲಿ ಇರಾನಿನಿಂದ 10 ಲಕ್ಷಕ್ಕೂ ಹೆಚ್ಚು ಅಫ್ಘಾನರು ವಾಪಸ್ ಬಂದರು, ತುಂಬಾ ಜನರನ್ನು ಅಟ್ಟಿಯೇ ಕಳಿಸಿದ್ದು. ಪಾಕಿಸ್ತಾನ 2023ರ ಕೊನೆಯಿಂದಲೂ ಇದನ್ನೇ ಮಾಡುತ್ತಿದೆ. ಮನೆಗೆ ಬರುತ್ತಿದ್ದ ದುಡ್ಡು ನಿಂತಿತು, ಉಣ್ಣುವ ಬಾಯಿ ಮಾತ್ರ ಜಾಸ್ತಿ ಆಯಿತು. ನಿನ್ನ ಊರಿನ ಗುಳೆ ಬಗ್ಗೆ ನಿನಗೆ ಗೊತ್ತಿರೋದನ್ನು ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಅದಕ್ಕೇ ಜಾಗ ಇಡುತ್ತೇನೆ.

ನಾನೊಬ್ಬಳು ಏನು ಮಾಡಬಹುದು?
— ಕಾಲೇಜು ಉಪನ್ಯಾಸಕಿ, ಮೈಸೂರು

ದುಡ್ಡು ಕೊಡಬೇಕು ಅನ್ನಿಸಿದರೆ ವಿಶ್ವ ಆಹಾರ ಕಾರ್ಯಕ್ರಮದಂಥ ಗೊತ್ತಿರುವ ಸಂಸ್ಥೆಗೇ ಕೊಡಿ. 2023ರಲ್ಲಿ ದುಡ್ಡು ಸಾಲದೆ ಅವರು ಅಫ್ಘಾನಿಸ್ತಾನದಲ್ಲಿ ಒಂದು ಕೋಟಿ ಜನರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. 2025ರಲ್ಲಿ ಅಮೆರಿಕ ನೆರವು ನಿಲ್ಲಿಸಿದ ಮೇಲೆ ಕೈ ಇನ್ನೂ ಬಿಗಿ ಆಗಿದೆ. ಸಣ್ಣ ಮೊತ್ತ ಅಂತ ಸಂಕೋಚ ಬೇಡ.

ನಿಮ್ಮ ಊರಲ್ಲೇ ಇನ್ನೊಂದು ಕೆಲಸ ಇದೆ. ಮೈಸೂರು ವಿಶ್ವವಿದ್ಯಾಲಯಕ್ಕೆ ವರ್ಷಗಳಿಂದ ಅಫ್ಘಾನ್ ವಿದ್ಯಾರ್ಥಿಗಳು ಬರುತ್ತಿದ್ದಾರೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಓದಿದ್ದಾರೆ. 2021ರ ಆಗಸ್ಟ್‌ನಲ್ಲಿ ಊರಿಗೆ ಫೋನ್ ಸಿಗದೆ ಹಾಸ್ಟೆಲಿನಲ್ಲಿ ನಿದ್ದೆಗೆಟ್ಟು ಕೂತಿದ್ದ ಮಕ್ಕಳು ಇವರೇ. ಅವರಲ್ಲಿ ಯಾರಾದರೂ ನಿಮಗೆ ಸಿಕ್ಕರೆ ಒಂದು ದಿನ ಊಟಕ್ಕೆ ಕರೆಯಿರಿ. ಊರಿನಲ್ಲಿ ಮನೆ ಹೇಗೆ ನಡೀತಿದೆ, ತಂಗಿ ಏನು ಮಾಡುತ್ತಿದ್ದಾಳೆ ಅಂತ ಕೇಳಿ. ಫೀಸಿಗೋ ಬಾಡಿಗೆಗೋ ಕಷ್ಟ ಇದ್ದರೆ ಅವರಾಗಿ ಬಾಯಿಬಿಟ್ಟು ಹೇಳುವವರಲ್ಲ, ನೀವೇ ವಿಚಾರಿಸಬೇಕು.